ಸತ್ತೆಪ್ಪನ ತಾಡಪತ್ರಿ, ಹನಮವ್ವನ ಶೇವಂತಿ

ಯಮಕನಮರಡಿಯ ಸತ್ತೆಪ್ಪ ಮೂವತ್ತೊಂದು ವರ್ಷ ಲಾರಿ ಹೊಡೆದವನು. ಮೊಣಕಾಲು ಸೋತ ಮೇಲೆ ಲಾರಿ ಮಾರಿ ಮನೆ ಸೇರಿದ. ಸರಕಿನ ಮೇಲೆ ಹೊದಿಸುವ ಅದರ ಕರಿ ತಾಡಪತ್ರಿಯನ್ನು ಮಾತ್ರ ಮಾರಲು ಮನಸ್ಸಾಗಲಿಲ್ಲ. ಕೈ ಸುಮ್ಮನಿರಲೊಲ್ಲದು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಹೊಸದಾಗಿ ಜೋಡಿಸಿಟ್ಟ. ಹೆಂಡತಿ ಹನಮವ್ವನಿಗೆ ಒಂದು ವಾರ ಜೀರಿಗೆ ಸಿಗಲಿಲ್ಲ.

"ನಿಮ್ಮ ಕಾಲಿಗಿ ಬೀಳ್ತೇನ್ರಿ, ಹಿತ್ತಲಕ್ಕರೆ ಹೋಗ್ರಿ" ಎಂದು ಆಕೆಯೇ ಅಟ್ಟಿದಳು.

ಹಿತ್ತಲಲ್ಲಿ ನಾಲ್ಕು ಸಾಲು ಶೇವಂತಿ. ಮದುವೆಯಾದ ವರ್ಷ ಅಂಕಲಗಿಯ ತವರಿನಿಂದ ಹನಮವ್ವ ಸೆರಗಲ್ಲಿ ಕಟ್ಟಿಕೊಂಡು ತಂದ ಸಸಿಯ ಸಂತಾನ. ಎರಡು ವರ್ಷದಿಂದ ಅವು ಸೊಂಟದೆತ್ತರ ಬೆಳೆಯುತ್ತಿದ್ದವು, ಒಂದು ಮೊಗ್ಗೂ ಇಲ್ಲ. ಓಣಿಯವರು ದೃಷ್ಟಿ ತಾಗಿದೆ ಅಂದರು. ಹನಮವ್ವ ಮೆಣಸಿನಕಾಯಿ ನಿವಾಳಿಸಿದಳು. ಸತ್ತೆಪ್ಪ ಒಂದು ಟೊಂಗೆ ಮುರಿದುಕೊಂಡು ಹುಕ್ಕೇರಿಯ ನರ್ಸರಿಗೆ ಹೋದ.

ಅಲ್ಲಿಯ ಹುಡುಗಿ ಶೈಲಾ ಎಲೆ ತಿರುವಿ ನೋಡಿ ಕೇಳಿದಳು: "ಕಾಕಾ, ಹಿತ್ತಲದಾಗ ರಾತ್ರಿ ಬೆಳಕ ಬೀಳತೈತೇನ್ರಿ?"

"ಹೂಂ. ಗ್ವಾಡಿ ಬಾಜೂಕನ ಹೊಸಾ ದೀಪದ ಕಂಬ ಐತಿ."

"ಮತ್ತ! ಶೇವಂತಿ ಉದ್ದ ರಾತ್ರಿ ಕಂಡ್ರನ ಮೊಗ್ಗಿ ಹಿಡಿಯೂದ್ರಿ. ನಿಮ್ಮ ಗಿಡಕ್ಕ ರಾತ್ರಿನ ಆಗಾಕತ್ತಿಲ್ಲ. ಸಂಜಿ ಆರಕ್ಕ ಮುಚ್ಚಿ ಮುಂಜಾನಿ ಏಳಕ್ಕ ತಗೀರಿ. ಒಂದ ದಿನಾನೂ ತಪ್ಪಿಸಬ್ಯಾಡ್ರಿ."

ಆ ದೀಪ ಹಾಕಿಸಿದವಳು ಹನಮವ್ವನೇ. ಎದುರುಮನೆಯ ಮುದುಕಿ ಬಾಳವ್ವ ಕತ್ತಲಲ್ಲಿ ಎಡವಿ ಬಿದ್ದು ಬಲಗೈ ಮುರಿದುಕೊಂಡಾಗ ಪಂಚಾಯ್ತಿಗೆ ಆರು ಸಲ ತಿರುಗಿದ್ದಳು. ಸುದ್ದಿ ಕೇಳಿ ಬಾಳವ್ವ ಕೋಲೂರಿಕೊಂಡು ಬಂದಳು.

"ದೀಪಾ ತಗಿಸಿಬಿಡವಾ. ನಾ ಅರವತ್ತು ವರ್ಷ ಕತ್ತಲದಾಗ ಅಡ್ಡಾಡೇನಿ."

"ಸುಮ್ಕಿರು ಯವ್ವಾ" ಅಂದಳು ಹನಮವ್ವ. "ಹೂವಿನ ಸಲುವಾಗಿ ಇನ್ನೊಂದು ಕೈ ಮುರಕೋತಿಯೇನ?"

ಅದೇ ಸಂಜೆ ಸತ್ತೆಪ್ಪ ತಾಡಪತ್ರಿಯನ್ನು ಅಟ್ಟದಿಂದ ಇಳಿಸಿ ಗಿಡಗಳ ಮೇಲೆ ಎಳೆದೇಬಿಟ್ಟ. ಬೆಳಿಗ್ಗೆ ತೆಗೆದು ನೋಡಿದರೆ ಒಂದು ಸಾಲು ಪೂರ್ತಿ ಮುರಿದು ಮಲಗಿತ್ತು. ಹನಮವ್ವ ಬೈಯಲಿಲ್ಲ. ಎರಡು ದಿನ ರೊಟ್ಟಿಯ ತಾಟನ್ನು ಅವನ ಮುಂದೆ ಟಣ್ಣನೆ ಇಟ್ಟು ಹೋದಳು, ಅಷ್ಟೇ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೂರನೆಯ ದಿನ ಬಿದಿರು ತಂದು, ಬಗ್ಗಿಸಿ, ಉಳಿದ ಮೂರು ಸಾಲಿಗೆ ಎದೆಯೆತ್ತರದ ಹಂದರ ಕಟ್ಟಿದ. ತಾಡಪತ್ರಿ ಈಗ ಎಲೆಗೆ ತಾಗಲಿಲ್ಲ. ಅವನು ಹಗ್ಗ ಬಿಗಿಯುವುದನ್ನು ನೋಡಿ ದಾರಿಹೋಕರು, "ಸತ್ತೆಪ್ಪಣ್ಣಾ, ಲೋಡ್ ಯಾವೂರಿಗಿ?" ಎಂದು ನಗುತ್ತಿದ್ದರು. "ದೀಪಾವಳಿಗಿ!" ಅನ್ನುತ್ತಿದ್ದ ಅವನು.

ಇಪ್ಪತ್ತು ದಿನ ತಪ್ಪಿಸಲಿಲ್ಲ. ಇಪ್ಪತ್ತೊಂದನೆಯ ದಿನ ಮೂಡಲಗಿಯಲ್ಲಿ ಮಗಳು ನೇತ್ರಾಳ ಹೊಸ ಮನೆಯ ವಾಸ್ತುಶಾಂತಿ. ಊಟ ಮುಗಿಯುತ್ತಲೇ ಸತ್ತೆಪ್ಪ ಚಡಪಡಿಸಿದ. "ಅಪ್ಪಾ, ನನಗಿಂತ ಗಿಡಾ ಹೆಚ್ಚಾದ್ವೇನ?" ಎಂದು ಮಗಳು ನಕ್ಕೇ ಕಳಿಸಿದಳು. ಆದರೆ ದಾರಿಯಲ್ಲಿ ಬಸ್ಸಿನ ಗಾಲಿ ಪಂಕ್ಚರ್ ಆಗಿ, ಗಂಡ ಹೆಂಡತಿ ಊರು ಮುಟ್ಟುವಾಗ ಬೀದಿದೀಪ ಹತ್ತಿ ಎಷ್ಟೋ ಹೊತ್ತಾಗಿತ್ತು.

ಹಿತ್ತಲಿಗೆ ಓಡಿದರೆ ಹಂದರ ಮುಚ್ಚಿತ್ತು. ಬಾಳವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ಸರಿಯಾಗಿ ಮಡಚಲಾಗದ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಒಂದೇ ಕೈಯಲ್ಲಿ ಮೂಲೆ ಮೂಲೆ ಎಳೆದಿದ್ದಳು.

"ನಿನ್ನ ಗಂಟ ನನಗ ಬರೂದಿಲ್ಲಪಾ" ಅಂದಳು. "ಕಲ್ಲ ಹೇರಿ ಇಟ್ಟೇನಿ. ನಡದೀತೋ ಇಲ್ಲೋ?"

ಸತ್ತೆಪ್ಪ ಸುತ್ತ ಒಂದು ಸುತ್ತು ಹಾಕಿ ನೋಡಿದ. ತನ್ನ ಲಾರಿಯ ಕ್ಲೀನರ್ ಕಟ್ಟಿದ ಗಂಟನ್ನೂ ಬಿಚ್ಚಿ ಮತ್ತೆ ಕಟ್ಟುತ್ತಿದ್ದ ಮನುಷ್ಯ, ಆ ಕಲ್ಲುಗಳಲ್ಲಿ ಒಂದನ್ನೂ ಮುಟ್ಟಲಿಲ್ಲ.

"ಭಾಳ ಛಲೋ ಆಗೇತಿ ಯವ್ವಾ" ಅಂದ.

ದೀಪಾವಳಿಗೆ ಹೂವು ಬರಲಿಲ್ಲ. ಮೊಗ್ಗು ಮಾತ್ರ ಬಟಾಣಿಯಷ್ಟಾಗಿದ್ದವು. ಹಬ್ಬ ದಾಟಿ ಮೂರು ವಾರಕ್ಕೆ ಒಂದು ಬೆಳಿಗ್ಗೆ ಮೂರೂ ಸಾಲು ಹಳದಿಗಟ್ಟಿದವು. ಹನಮವ್ವ ಮೊದಲ ಬುಟ್ಟಿಯನ್ನು ಬಾಳವ್ವನ ಮನೆಯ ದೇವರಿಗೆ ಕೊಟ್ಟು ಬಂದಳು.

ಲಾರಿ ಹೊಡೆಯುವಾಗ ಈ ಹಂಗಾಮಿನಲ್ಲಿ ಸತ್ತೆಪ್ಪ ಮನೆಯಲ್ಲಿದ್ದದ್ದೇ ಇಲ್ಲ. ಹೆಂಡತಿಯ ಹಿತ್ತಲು ಹೀಗೆ ಅರಳಿದ್ದನ್ನು ಅವನು ಕಂಡದ್ದು ಅದೇ ಮೊದಲು. ಸಾಲಿನ ನಡುವೆ ಕಾಲು ಚಾಚಿ ಕೂತೇ ಬಿಟ್ಟ. ಚಹಾ ಆರುತ್ತದೆಂದು ಹನಮವ್ವ ಮೂರು ಸಲ ಕೂಗಿದಳು. ಆಮೇಲೆ ತಾನೇ ಎರಡು ಕಪ್ಪು ಹಿಡಿದು ಅಲ್ಲಿಗೆ ಬಂದು, ಅವನ ಬಾಜೂಕ ಕೂತಳು.