ಬಾಯಿ ಬರೆಯದ ಸಿದ್ದಯ್ಯ

ಮದ್ದೂರಿನ ಬೋರ್ಡು ಸಿದ್ದಯ್ಯ ಯಾವ ಮುಖ ಬರೆದರೂ ಬಾಯಿಯನ್ನು ಕೊನೆಗೇ ಬರೆಯುತ್ತಿದ್ದ. ಸೋಪಿನ ಜಾಹೀರಾತಿನ ಹೆಂಗಸಾಗಲಿ, ಟೆಂಟ್ ಸಿನಿಮಾದ ಹೀರೋ ಆಗಲಿ, ಕಣ್ಣು ಮೂಗು ಮುಗಿಸಿ, ಒಂದು ಬೀಡಿ ಸೇದಿ, ಆಮೇಲೆ ಬಾಯಿ. ಕೇಳಿದರೆ, "ಬಾಯಿ ಮೊದ್ಲೇ ಕೊಟ್ಬುಟ್ರೆ ಚಿತ್ರ ನಂಗೇ ಎದುರಾಡ್ತದೆ ಕಣೇಳಿ ಮೇಷ್ಟ್ರೇ" ಎನ್ನುತ್ತಿದ್ದ. ನಾನು ಅಲ್ಲಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಸಂಜೆ ಅವನ ಅಂಗಡಿಯ ಸ್ಟೂಲೇ ನನ್ನ ಠಿಕಾಣಿ.

ತುರ್ತು ಪರಿಸ್ಥಿತಿಯ ಕಾಲ. ಹೋಟೆಲಿನಲ್ಲೂ ಜನ ಅಕ್ಕಪಕ್ಕ ನೋಡಿಕೊಂಡು ಮಾತಾಡುತ್ತಿದ್ದರು. ಒಂದು ಹಳೇ ಪತ್ರಿಕೆಯಲ್ಲಿ ಓದಿದ್ದನ್ನು ಅವನಿಗೆ ಹೇಳಿದೆ: ಬ್ರೆಜಿಲ್ ದೇಶದಲ್ಲಿ ಮಿಲಿಟರಿ ಆಳ್ವಿಕೆಯಂತೆ, ಅಲ್ಲಿನ ಕಲಾವಿದರು ಜಾಹೀರಾತು, ಕಾಮಿಕ್ಸ್‌ಗಳ ಢಾಳು ಬಣ್ಣದಲ್ಲೇ ಸರ್ಕಾರವನ್ನು ಕುಟುಕುತ್ತಾರಂತೆ, ಅದಕ್ಕೆ ಪಾಪ್ ಆರ್ಟ್ ಅನ್ನುತ್ತಾರಂತೆ.

"ಅಂಗಾರೆ ಅಲ್ಲೂ ಬೋರ್ಡು ಬರಿಯೋರವ್ರೆ ಅನ್ನಿ" ಎಂದು ನಕ್ಕ. ಆಮೇಲೆ ಯಾವ ಯಾವ ಬಣ್ಣವಂತೆ ಎಂದು ಕೇಳಿದ.

ಅದಾದ ಸ್ವಲ್ಪ ದಿನಕ್ಕೆ ಕುಟುಂಬ ಯೋಜನೆಯ ಗೋಡೆಚಿತ್ರದ ಕೆಲಸ ಸಿಕ್ಕಿತು. ಅಪ್ಪ, ಅಮ್ಮ, ಎರಡು ಮಕ್ಕಳು. ತಗಡಿನಲ್ಲಿ ಅಚ್ಚು ಕತ್ತರಿಸಿಕೊಂಡು ಬೆಸಗರಹಳ್ಳಿಯಿಂದ ಹನಕೆರೆಯವರೆಗೆ ಕೆಂಪು, ಹಳದಿ, ನೀಲಿಯಲ್ಲಿ ಒಂದೇ ಸಂಸಾರವನ್ನು ಒತ್ತುತ್ತ ಹೋದ. ಒಬ್ಬರಿಗೂ ಬಾಯಿ ಬರೆಯಲಿಲ್ಲ. ಕೆಲಸ ಬಾಕಿ ಇದೆ ಎಂದುಕೊಂಡಿದ್ದ ಜನ, ಬಣ್ಣ ಒಣಗಿ ಎಷ್ಟೋ ದಿನವಾದ ಮೇಲೆ ಬಸ್ಸಿನಲ್ಲಿ ಮುಸಿಮುಸಿ ನಗತೊಡಗಿದರು. ನನಗೆ ಮಾತ್ರ ಜೀವ ಕೈಯಲ್ಲಿ. "ಬರೆದುಬಿಡೋ ಸಿದ್ದಯ್ಯ, ಒಳಗೆ ಹಾಕ್ತಾರೆ" ಎಂದು ಬೇಡಿಕೊಂಡೆ.

ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದ. "ಬಾಯಿ ಎಲ್ಲಯ್ಯ? ನಾಳೆಯೊಳಗೆ ಎಲ್ಲರೂ ನಗ್ತಿರಬೇಕು" ಎಂದು ಗದರಿದ.

"ಮಾತಾಡಂಗಿಲ್ಲ ಅಂದ್ಮೇಲೆ ಬಾಯಿ ಯಾಕೆ ಸ್ವಾಮಿ? ಬಣ್ಣ ದಂಡ" ಎಂದ ಸಿದ್ದಯ್ಯ.

ಅವನನ್ನು ಅದೇ ಜೀಪಿಗೆ ಹತ್ತಿಸಿದರು. ಗೋಡೆಗಳಿಗೆ ಸುಣ್ಣ ಬಳಿದರು.

ಸರ್ಕಾರ ಬದಲಾದ ಮೇಲೆ ಜೈಲಿನಿಂದ ಹಿಂದಿರುಗಿದವನ ಬಲಗೈ ಕಾಫಿ ಲೋಟ ಹಿಡಿದರೂ ನಡುಗುತ್ತಿತ್ತು. ಗೆದ್ದ ಪಕ್ಷದವರು ಹಾರ ಹಿಡಿದು ಬಂದರೆ, "ಸಾಕಾಗ್ಬುಟ್ಟದೆ, ಓಗ್ರಪ್ಪ" ಎಂದು ಬಾಗಿಲು ಮುಂದಕ್ಕೆಳೆದುಕೊಂಡ. ಆ ಹಾರ ತುರಾಯಿ ನೋಡಿ ನನಗೂ ಸಾಕಾಗಿತ್ತು.

ಹನಕೆರೆ ಸ್ಟೇಷನ್ನಿನ ಹಿಂದೆ ಒಂದು ಗೋಡೆ ಸುಣ್ಣದಿಂದ ತಪ್ಪಿಸಿಕೊಂಡಿತ್ತು. ಈಗಲಾದರೂ ಬಾಯಿ ಕೊಡು ಎಂದು ನಾನೇ ಅವನನ್ನು ಕರೆದುಕೊಂಡು ಹೋದೆ. ಬ್ರಷ್ಷು ಎತ್ತಿದ. ಕೈ ನಿಲ್ಲಲಿಲ್ಲ. "ನೀವೇ ಬರೀರಿ ಮೇಷ್ಟ್ರೇ" ಎಂದು ನೆಲದ ಮೇಲೆ ಕೂತ. ಚಿಕ್ಕ ಮಗುವಿಗೊಂದು ನಗು ಬರೆಯಲು ಹೋದೆ, ತುದಿಗಳು ಕೆಳಕ್ಕಿಳಿದವು. ಒರೆಸಲು ಬಟ್ಟೆ ತೆಗೆದಾಗ ತಡೆದ.

"ಇರ್ಲಿ ಬುಡಿ. ಅಳ್ತಾ ಅದೆ. ಬಾಯಿ ಬಂದೋರು ಮೊದ್ಲು ಅಳ್ಬೇಕಲ್ವಾ."

ಮುಂದಿನ ದೀಪಾವಳಿಗೆ ಅವನು ಇರಲಿಲ್ಲ. ಗೋಡೆಯ ಮೇಲೆ ಉಳಿದ ಮೂವರಿಗೆ ಯಾರೂ ಬಾಯಿ ಬರೆಯಲಿಲ್ಲ.