ಬದುವಿನ ಕಲ್ಲಿನ ಮೇಲಿಟ್ಟ ಹತ್ತಿಕಾಯಿ

ನನ್ನ ಅರ್ಧ ಆಯುಷ್ಯ ಎಣಿಸುವುದರಲ್ಲೇ ಹೋಯಿತು. ಕುರಿ ಎಣಿಸಿದ್ದರೆ ಮನೆಯವರಾದರೂ ಮೆಚ್ಚುತ್ತಿದ್ದರು. ನಾನು ಎಣಿಸಿದ್ದು ಹತ್ತಿ ಗಿಡದ ಕ್ರೋಮೋಸೋಮುಗಳನ್ನು. ಈಗಿನ ಮಕ್ಕಳು ಅದನ್ನೇ ವರ್ಣತಂತು ಎಂದು ಓದುತ್ತಾರೆ. ಬೇರಿನ ಎಳೆಯ ತುದಿಯನ್ನು ಕತ್ತರಿಸಿ, ಬಣ್ಣ ಕುಡಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅವು ಕತ್ತರಿಸಿ ಚೆಲ್ಲಿದ ದಾರದ ತುಣುಕುಗಳ ಹಾಗೆ ಕಾಣುತ್ತವೆ. ನಮ್ಮ ಜವಾರಿ ಹತ್ತಿಗೆ ಇಪ್ಪತ್ತಾರು, ವಿಲಾಯತಿ ಹತ್ತಿಗೆ ಐವತ್ತೆರಡು. ಎಲೆ ಹೂವು ನೋಡಿ ಮೋಸಹೋಗಬಹುದು, ಈ ಲೆಕ್ಕ ಮೋಸ ಮಾಡುವುದಿಲ್ಲ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದೆ.

ಮೂವತ್ತರ ದಶಕದ ಕೊನೆಯ ಮಾತು. ಹಿರೇಕೆರೂರು ಕಡೆಯ ನಮ್ಮ ಮನೆತನದಲ್ಲಿ ಪುಣೆಗೆ ಹೋಗಿ ಓದಿ ಬಂದವನು ನಾನೊಬ್ಬನೇ. ಬಂದವನು ಸರ್ಕಾರಿ ಹತ್ತಿ ಸಂಶೋಧನೆಯಲ್ಲಿ ಸಹಾಯಕನಾಗಿ ಸೇರಿದ್ದೆ. ರಜೆ ಸಿಕ್ಕರೆ ಸೋದರಮಾವನ ಊರಿಗೆ ಹೋಗುತ್ತಿದ್ದೆ. ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ದಾರಿಯಲ್ಲಿ ಅವನ ಕಪ್ಪು ಮಣ್ಣಿನ ಎರೆ ಹೊಲ. ಅಲ್ಲಿ ಎರಡೂ ಬಗೆಯ ಹತ್ತಿ ಬೆಳೆಯುತ್ತಿತ್ತು.

ಆ ಹೊಲಕ್ಕೆ ಹತ್ತಿ ಬಿಡಿಸಲು ಊರ ಹೊರಗಿನ ಕೇರಿಯಿಂದ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಹೂ ಬಿಡುವ ಕಾಲದಲ್ಲಿ ಅವಳೇ ಒಂದು ಗಿಡ ತೋರಿಸಿದಳು. ಎಲೆ ಇತ್ತ ಜವಾರಿಯದೂ ಅಲ್ಲ, ಅತ್ತ ವಿಲಾಯತಿಯದೂ ಅಲ್ಲ. ಗಿಡ ಆಳೆತ್ತರ ಬೆಳೆದಿತ್ತು, ಮೈತುಂಬ ಹೂ ಬಿಟ್ಟಿತ್ತು, ಒಂದು ಕಾಯಿಯನ್ನೂ ಕಟ್ಟಿರಲಿಲ್ಲ. ಗೊಡ್ಡು ಗಿಡವೆಂದು ಬೇರೆಯವರು ಕೀಳಲು ಹೋದಾಗ ಇವಳೇ ತಡೆದಿದ್ದಳಂತೆ. ನಾನು ನಕ್ಕು, ಯಾವುದೋ ರೋಗ ಎಂದೆ. ಆದರೂ ಬೇರಿನ ತುದಿಯನ್ನು ಶೀಸೆಯಲ್ಲಿ ಹಾಕಿಕೊಂಡು ಹೋದೆ.

ಎಣಿಸಿದರೆ ಮೂವತ್ತೊಂಬತ್ತು. ಮೂರು ದಿನ ಬಿಟ್ಟು ಬಿಟ್ಟು ಎಣಿಸಿದೆ, ಮೂವತ್ತೊಂಬತ್ತೇ. ಜವಾರಿಯ ಅರ್ಧ ಹದಿಮೂರು, ವಿಲಾಯತಿಯ ಅರ್ಧ ಇಪ್ಪತ್ತಾರು. ದೊಡ್ಡ ದೊಡ್ಡ ಪಂಡಿತರು ಚಿಮಟ ಹಿಡಿದು ಹೆಣಗಿದರೂ ಸುಲಭಕ್ಕೆ ಕೂಡದ ಎರಡು ಹತ್ತಿಗಳು ಮಾವನ ಹೊಲದಲ್ಲಿ ತಾವಾಗಿಯೇ ಕೂಡಿದ್ದವು. ಇಂಥ ಗಿಡ ಬಂಜೆ. ಆದರೆ ಎಲ್ಲೋ ಒಂದು ಟೊಂಗೆಯಲ್ಲಿ ಕ್ರೋಮೋಸೋಮು ಇಮ್ಮಡಿಯಾದರೆ ಅದು ಬೀಜ ಕಟ್ಟಬಹುದು. ಆ ಬೀಜದಿಂದ ಹುಟ್ಟುವುದು ಲೋಕದಲ್ಲಿ ಇಲ್ಲದ ಹೊಸ ಹತ್ತಿ. ವಿಲಾಯತಿ ಹತ್ತಿಯೇ ಯಾವುದೋ ಕಾಲದಲ್ಲಿ ಹೀಗೆ ಹುಟ್ಟಿದ್ದೆಂಬ ಊಹೆ ಆಗ ತಾನೇ ಕೇಳಿಬರುತ್ತಿತ್ತು. ನನಗೆ ನಿದ್ದೆ ಹಾರಿಹೋಯಿತು. ಊರಿಗೆ ಓಡಿಹೋಗಿ ಅವಳಿಗೆ ಹೇಳಿದೆ: ಒಂದೇ ಒಂದು ಕಾಯಿ ಕಟ್ಟಿದರೂ ಕಾಯಬೇಕು, ಬಲಿತು ಒಡೆದ ಮೇಲೆ ನನ್ನ ಕೈಗೇ ಕೊಡಬೇಕು.

ಅವಳು ಕಾದಳು. ಗಿಡದ ಸುತ್ತ ಜಾಲಿ ಮುಳ್ಳಿನ ಬೇಲಿ ಕಟ್ಟಿದಳು. ಹೊಲದಲ್ಲಿ ಕೂಲಿ ಇಲ್ಲದ ದಿನವೂ ಬಂದು ನೋಡಿ ಹೋಗುತ್ತಿದ್ದಳೆಂದು ಮಾವನೇ ಹೇಳಿದ.

ಬಿಸಿಲು ಏರುವ ಕಾಲಕ್ಕೆ ನಾನು ಮತ್ತೆ ಹೋದೆ. ಹತ್ತಿ ಹೇರಲು ಬಂಡಿ ಬಂದಿತ್ತು, ಎತ್ತುಗಳನ್ನು ನೊಗದಿಂದ ಬಿಚ್ಚಿ ಬಿಟ್ಟಿದ್ದರು. ಮಾವ ಮತ್ತು ನಾನು ಬದುವಿನ ಮೇಲೆ ಕುಳಿತು ರೊಟ್ಟಿ ಬಿಚ್ಚಿದ್ದೆವು. ಅವಳು ಉಡಿ ಹಿಡಿದುಕೊಂಡು ಬಂದಳು. ಉಡಿಯಿಂದ ಒಂದು ಒಡೆದ ಕಾಯಿ ತೆಗೆದು ಅಂಗೈ ಮೇಲೆ ಇಟ್ಟು ನನ್ನತ್ತ ಚಾಚಿದಳು. ಅರಳೆಯ ನಡುವೆ ಎರಡು ಬೀಜ ಕಾಣುತ್ತಿದ್ದವು.

"ಹಡದೈತ್ರಿ ಸಣ್ಣ ಧಣ್ಯಾರ. ಕೈಯಾಗ ಕೊಡು ಅಂದಿದ್ರಿ, ತಗೋರಿ."

ನನ್ನ ಕೈ ಮುಂದೆ ಹೋಗಲಿಲ್ಲ. ಪುಣೆಯ ಇರಾನಿ ಹೋಟೆಲಿನಲ್ಲಿ ಯಾರು ಯಾರೋ ಕುಡಿದ ಕಪ್ಪಿನಲ್ಲಿ ಚಹಾ ಕುಡಿದ ಕೈ, ಸಭೆಯಲ್ಲಿ ಸಮಾನತೆಯ ಭಾಷಣಕ್ಕೆ ಚಪ್ಪಾಳೆ ಹೊಡೆದ ಕೈ. ಮಾವ ಬೇಡ ಅಂದಿದ್ದ ಎಂದು ಹೇಳಿ ತಪ್ಪಿಸಿಕೊಳ್ಳುವ ಭಾಗ್ಯವೂ ನನಗಿಲ್ಲ. ಗದ್ದದಿಂದಲೇ ಬದುವಿನ ಕಲ್ಲು ತೋರಿಸಿದೆ. ಅವಳು ಸೆರಗಿನಿಂದ ಕಲ್ಲು ಒರೆಸಿ, ಕಾಯಿಯನ್ನು ಅದರ ಮೇಲಿಟ್ಟು ಸಾಲಿಗೆ ಹೋದಳು.

ಊಟ ಮುಗಿಸಿ ತೆಗೆದುಕೊಂಡರಾಯಿತು ಎಂದುಕೊಂಡೆ. ಮಾವ ಆ ಕಾಯಿಯಲ್ಲಿ ಅಂಥದ್ದೇನಿದೆ ಎಂದು ಕೇಳಿದ. ಸರಿ, ನನ್ನ ಪುರಾಣ ಸುರುವಾಯಿತು. ರೊಟ್ಟಿಯ ತುಣುಕುಗಳನ್ನು ಜೋಡಿಸಿ ಹದಿಮೂರು, ಇಪ್ಪತ್ತಾರು ಎಂದು ತೋರಿಸಿದೆ. ಬೇರೆ ಬೇರೆಯಾದವು ಕೂಡದೆ ಹೊಸದೇನೂ ಹುಟ್ಟುವುದಿಲ್ಲ ಎಂದು ಬಲು ದೊಡ್ಡ ಗಂಟಲಿನಲ್ಲಿ ಹೇಳುತ್ತಿದ್ದೆ. ಹಿಂದೆ ಉಸಿರು ಬಿಟ್ಟ ಸಪ್ಪಳ ಕೇಳಿ ತಿರುಗಿದೆ. ಹತ್ತಿಕಾಳೆಂದರೆ ಎತ್ತಿಗೆ ಹಬ್ಬ. ಕಲ್ಲು ಖಾಲಿಯಾಗಿತ್ತು, ಎತ್ತಿನ ತುಟಿಯಲ್ಲಿ ಒಂದೆಳೆ ಅರಳೆ ಅಂಟಿತ್ತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ನಾನು ಕೈಗೇ ಬರಗೊಡಲಿಲ್ಲ.

ಇಷ್ಟಾಗಿದ್ದರೆ ಮೂರ್ಖತನ ಎಂದು ಬಿಡಬಹುದಿತ್ತು. ನಾನು ವರದಿ ಬರೆದೆ. ಮೂವತ್ತೊಂಬತ್ತು ಎಣಿಸಿದ್ದು ನಾನು, ಗಿಡ ಕಂಡುಹಿಡಿದದ್ದೂ ನಾನು, ಬೀಜ ಹಾಳಾದದ್ದು ಮಾತ್ರ "ಕೂಲಿ ಹೆಂಗಸಿನ ಅಲಕ್ಷ್ಯದಿಂದ". ಇಂಗ್ಲಿಷಿನಲ್ಲಿ ಬರೆದದ್ದರಿಂದ ಅವಳಿಗೆ ಗೊತ್ತಾಗುವುದಿಲ್ಲ ಎಂಬ ಧೈರ್ಯ ಬೇರೆ. ನನ್ನ ಸಾಹೇಬರು ವರದಿ ಓದಿ, ಇಂಥ ಆಳುಗಳನ್ನು ಇಟ್ಟುಕೊಳ್ಳಬಾರದೆಂದು ಮಾವನಿಗೇ ಕಾಗದ ಹಾಕಿದರು. ಆ ಬೇಸಿಗೆಯಲ್ಲಿ ಗಿಡವೂ ಒಣಗಿತು.

ಮರುವರ್ಷ ಹೋದಾಗ ಹತ್ತಿಯ ಸಾಲಿನಲ್ಲಿ ಅವಳು ಇರಲಿಲ್ಲ. ಎಲ್ಲಿ ಎಂದು ಮಾವನನ್ನು ಕೇಳಿದೆ.

"ಕೆಲಸಾ ಬಿಡಿಸೇನಿ. ನೀನ ಬರದೀ ಅಂತಲ್ಲ, ಆಕೀದ ತಪ್ಪು ಅಂತ. ಸರಕಾರದ ಕಾಗದ, ನಾ ಏನ್ ಮಾಡ್ಲಿ?" ಅಂದ. ಎತ್ತು ತಿಂದದ್ದನ್ನು ನನ್ನ ಪಕ್ಕದಲ್ಲೇ ಕುಳಿತು ನೋಡಿದವನು ಅವನು. ನನ್ನ ಮುಖ ನೋಡದೆ ಎಲೆಗೆ ಸುಣ್ಣ ಹಚ್ಚುತ್ತಿದ್ದ.

ಕೇರಿಗೆ ಹೋದೆ. ತಪ್ಪಾಯಿತು ಎನ್ನಲು ಹೋದೆನೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ, ಅಂಥದೇ ಇನ್ನೊಂದು ಗಿಡ ಎಲ್ಲಾದರೂ ಕಣ್ಣಿಗೆ ಬಿದ್ದಿದೆಯೇ ಎಂದು ಕೇಳಲು ಹೋಗಿದ್ದೆ. ಅದನ್ನೇ ಕೇಳಿದೆ. ಈಗ ಬೇರೆಯವರ ಹೊಲದಲ್ಲಿ ಕಳೆ ಕೀಳುತ್ತಿದ್ದಳು, ದೂರದ ನಡಿಗೆ, ಕಾಲು ಒಡೆದಿದ್ದವು. ಒಳಗೆ ಹೋಗಿ ಹಸಿ ಅರಿವೆಯಲ್ಲಿ ಸುತ್ತಿದ ಒಂದು ಗಿಡದ ಬೇರು ತಂದಳು. ಎಲೆ ಸ್ವಲ್ಪ ಬೇರೆ ಕಂಡಿತ್ತು, ನೀವು ಬಂದರೆ ಬೇಕಾದೀತೆಂದು ಇಟ್ಟಿದ್ದೆ ಎಂದಳು.

ಈ ಸಲ ನಾನು ಎರಡೂ ಕೈ ಚಾಚಿದೆ.

ಅವಳು ಕೈ ನೋಡಿದಳು. ಆಮೇಲೆ ಓಣಿಯ ಆ ಕಡೆ ಈ ಕಡೆ ಕಣ್ಣಾಡಿಸಿದಳು. ಬಾಗಿ, ನನ್ನ ಕಾಲ ಮುಂದಿನ ಕಲ್ಲನ್ನು ಸೆರಗಿನಿಂದ ಒರೆಸಿ, ಬೇರನ್ನು ಅದರ ಮೇಲಿಟ್ಟು ಹಿಂದೆ ಸರಿದಳು.

"ತಗೋರಿ," ಅಂದಳು. "ಇಲ್ಲಿ ಎತ್ತು ಇಲ್ರಿ."