ಅಣ್ಣ ಗುರುತು ಹಿಡಿದ ರಸ್ತೆ

ಕಂಪ್ಯೂಟರಿನಲ್ಲಿ ಕಟ್ಟಿದ ದೃಶ್ಯ ಫೋಟೊದಂತೆ ಕಾಣಲಿ ಎಂದು ಉಳಿದವರು ಒದ್ದಾಡುವಾಗ, ಹಾಗೆ ಕಾಣಲೇಬಾರದೆಂಬ ಹಟ ನನ್ನದು. ಸಂಪಾಜೆಯ ಮನೆಯಲ್ಲೇ ಕುಳಿತು ಆನಿಮೇಷನ್ ಕೆಲಸ ಮಾಡುವವಳು ನಾನು. ಆ ಸಲ ಸುಳ್ಯಕ್ಕೆ ಹೋಗುವ ರಸ್ತೆಯ ಒಂದು ತಿರುವನ್ನು ಕಟ್ಟಿ, ಅದಕ್ಕೆ ಕ್ಯೂಬಿಸಂ ಶೈಲಿ ಹಚ್ಚುತ್ತಿದ್ದೆ. ಒಂದೇ ವಸ್ತುವನ್ನು ನಾಲ್ಕಾರು ಕಡೆಯಿಂದ ನೋಡಿ, ಒಡೆದು, ಒಂದೇ ಚಿತ್ರದಲ್ಲಿ ಜೋಡಿಸುವ ಆ ಕಲಾವಿದರ ಉಪಾಯವನ್ನು ಕಂಪ್ಯೂಟರಿಗೆ ಕಲಿಸುವಷ್ಟರಲ್ಲಿ ತಲೆ ಚಿಟ್ಟು ಹಿಡಿದಿತ್ತು. ಕೊನೆಗೂ ರಸ್ತೆಯ ಬಿಳಿ ಗೆರೆ ನಡುವೆ ಮುರಿದು ಬಗ್ಗಿತು. ಮನುಷ್ಯರ ಕಣ್ಣಿಗೆ ಎಂದೂ ಕಾಣದ ರಸ್ತೆ ಮಾಡಿದೆನೆಂದು ಬೀಗಿದೆ.

ಸಂಜೆ ಅಣ್ಣ ನನ್ನ ಮಗಳನ್ನು ಬಿಡಲು ಬಂದ. ಸುಳ್ಯದ ಶಾಲೆಗೆ ಮಕ್ಕಳನ್ನು ಜೀಪಿನಲ್ಲಿ ಕರೆದೊಯ್ಯುವುದು ಅವನ ಕೆಲಸ. ಚಹಾ ಕುಡಿಯುತ್ತ ಚಿತ್ರ ನೋಡಿದ. ಗೇಲಿ ಮಾಡುತ್ತಾನೆಂದು ಕಾದೆ.

"ಇದು ಸರಿ ಉಂಟು. ಗೆರೆ ಅಲ್ಲಿ ಹೀಗೇ ಬಗ್ಗುದು," ಎಂದ.

"ತಮಾಷೆ ಮಾಡ್ಬೇಡ ಅಣ್ಣ."

"ಎಂತ ತಮಾಷೆ ಮಾರಾಯ್ತಿ? ದಿನಾ ನೋಡುವ ರಸ್ತೆ!"

ನಿಜದ ರಸ್ತೆಯಲ್ಲಿ ಆ ಗೆರೆ ಎಲ್ಲೂ ಹೀಗೆ ಮುರಿದಿರಲಿಲ್ಲ. ಕಿಟಕಿಯ ಸರಳುಗಳನ್ನು ತೋರಿಸಿ, ಒಂದೊಂದೇ ಕಣ್ಣು ಮುಚ್ಚಿ ನೋಡೆಂದೆ. ಬಲಗಣ್ಣು ಮುಚ್ಚಿದಾಗ "ನೇರ ಉಂಟು" ಎಂದ. ಎಡಗಣ್ಣು ಮುಚ್ಚಿದ. ಕೈ ತೆಗೆದು ಮತ್ತೆ ಮುಚ್ಚಿದ.

"ನಡುವಿನ ಸರಳು ಬಗ್ಗಿದ್ದು ಯಾವಾಗ?"

ನಾನು ಎದ್ದು ಹೋಗಿ ಅದನ್ನು ಮುಟ್ಟಿದೆ. ನಿಜವಾಗಿಯೂ ಬಗ್ಗಿರಲಿ ದೇವರೇ ಎಂದು ಬೇಡಿಕೊಂಡೆ. ಸರಳು ನೆಟ್ಟಗಿತ್ತು.

"ಜೀಪಿನ ಎದುರಿನ ಗಾಜೇ ಸರಿ ಇಲ್ಲ ಅಂತ ಮಾಡಿದ್ದೆ. ಬದಲಿಸ್ಬೇಕು ಅಂತ ಇದ್ದೆ," ಎಂದ ಅಣ್ಣ. ದನಿ ಇಳಿದಿತ್ತು.

"ನಾಳೆ ಪುತ್ತೂರಿಗೆ ಹೋಗುವ, ಕಣ್ಣಿನ ಡಾಕ್ಟ್ರ ಹತ್ರ."

"ಮತ್ತೆ ಮಕ್ಕಳನ್ನು ಬಿಡುದು ಯಾರು?"

ನಾನು ಮೇಜಿನ ಮೇಲಿದ್ದ ಜೀಪಿನ ಕೀಯನ್ನು ಎತ್ತಿಕೊಂಡೆ. ನನ್ನ ಹತ್ತಿರ ಯಾವ ವಿಷಯಕ್ಕೂ ಜಗಳ ಬಿಡದವನು ಅಂದು ಕೀಗಾಗಿ ಕೈ ಕೂಡ ಚಾಚಲಿಲ್ಲ. ನನಗೆ ಇನ್ನಷ್ಟು ಹೆದರಿಕೆಯಾಯಿತು.

ಮಗಳು ನಮ್ಮಿಬ್ಬರ ಮುಖ ನೋಡುತ್ತಿದ್ದಳು. ಜೀಪಿನಲ್ಲಿ ಮುಂದಿನ ಸೀಟು ಯಾವಾಗಲೂ ಅವಳದೇ.

"ಹಾಗಾದ್ರೆ ನಾಳೆ ಆಟ ಇಲ್ವಾ ಮಾವ?" ಎಂದಳು.

"ಯಾವ ಆಟ?" ಎಂದೆ.

"ತಿರುವು ಬರುವಾಗ ಮಾವ ಕೇಳ್ತಾರೆ, ಬಿಳಿ ಗೆರೆ ಎಲ್ಲಿ ಉಂಟು ಅಂತ. ನಾನು ಬೇಗ ಹೇಳ್ಬೇಕು."